ಹತ್ತಿಪೇಟೆಯ ಮಡಚುಗೋಡೆ

ಸಂಜೆ ಆರು ಹೊಡೆಯುತ್ತಲೇ ಹುಬ್ಬಳ್ಳಿಯ ಹತ್ತಿಪೇಟೆಯಲ್ಲಿ ನಲವತ್ತು ಮನೆಗಳ ಗೋಡೆಗಳು ಒಟ್ಟಿಗೆ ಮೈಮುರಿದವು. ಕಚೇರಿಯ ಮೇಜುಗಳು ನೆಲದೊಳಗೆ ಇಳಿದವು, ಖಾನಾವಳಿಯ ಬೆಂಚುಗಳು ಮೇಲೇಳತೊಡಗಿದವು. ಅಷ್ಟರಲ್ಲಿ ಹದಿನೇಳನೆಯ ಮನೆಯ ಗೋಡೆ ಗಕ್ಕನೆ ನಿಂತಿತು. ಅದರ ದಾರಿಗೆ ಅಡ್ಡವಾಗಿ ಮಣೆ ಹಾಕಿಕೊಂಡು ಶ್ವೇತಾ ಅಂಗಡಿ ಕುಳಿತಿದ್ದಳು. ಶ್ವೇತಾ ಎಂಬ ಹೆಸರಿನವರೆಲ್ಲ ಅಜ್ಜಿಯರಾಗಿದ್ದ ಕಾಲವದು, ಅವಳಿಗೆ ಅರವತ್ತಮೂರು.

ಆ ಗೋಡೆಗಳದ್ದು ನೆನಪಿನ ಲೋಹ. ವಿದ್ಯುತ್ ಹರಿಸಿದರೆ ಕಲಿಸಿಟ್ಟ ಆಕಾರಕ್ಕೆ ತಾನೇ ಮರಳುವ ಮಿಶ್ರಲೋಹ. ಬೆಳಗಿನವರೆಗೆ ಮನೆ, ಹಗಲು ಕಚೇರಿ, ಸಂಜೆ ಖಾನಾವಳಿ. ಒಂದೇ ಕೋಣೆಗೆ ಮೂರು ಜನ್ಮ. ಮನೆಯವರು ಉಳಿದ ಹೊತ್ತು ಮೇಲಿನ ಗೂಡುಗಳಲ್ಲಿ ಇರಬೇಕು. ಊರಾಚೆಯ ಮಾಲ್‌ಗಳಿಂದಾಗಿ ನಾಯಿಯೂ ಸುಳಿಯದಂತಾಗಿದ್ದ ಪೇಟೆಗೆ ಜೀವ ಬಂದದ್ದು ಇದರಿಂದಲೇ. ಮೊದಲ ದಿನ ಗೋಡೆ ಮಡಚಿಕೊಂಡಾಗ ಶ್ವೇತಾ ಕೂಡ ಚಪ್ಪಾಳೆ ತಟ್ಟಿದ್ದಳು.

ಆದರೆ ಇಂದು ಮಗಳು ಇಂಚರಾ ಐದು ದಿನದ ಕೂಸಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಕಚೇರಿಯವರು ಪಾಪ, ಮಧ್ಯಾಹ್ನವೇ ಎದ್ದು ಜಾಗ ಬಿಟ್ಟಿದ್ದರು. ಎರಡು ರಾತ್ರಿ ನಿದ್ದೆಗೆಟ್ಟ ಬಾಣಂತಿ ಈಗಷ್ಟೇ ಕಣ್ಣು ಮುಚ್ಚಿದ್ದಳು.

ಒಂದು ಗೋಡೆ ನಿಂತರೆ ಓಣಿಯ ಎಲ್ಲ ಗೋಡೆಗಳೂ ನಿಲ್ಲುತ್ತವೆ. ಬಾಗಿಲಲ್ಲಿ ಹಸಿದವರ ಗುಂಪು ನೆರೆಯಿತು. ಗೋಡೆಗಳನ್ನು ಕಂಡುಹಿಡಿದ ವಿಜ್ಞಾನಿ ವಿರಾಜ ಹೊಂಬಳನೇ ಓಡಿಬಂದ.

"ಅಮ್ಮಾರ, ನಿಮ್ಮಿಂದ ನಲವತ್ತೂ ಗ್ವಾಡಿ ನಿಂತಾವ್ರಿ. ಮ್ಯಾಲಿನ ಗೂಡಿಗೆ ಹೋಗ್ರಲಾ. ಮಂಚ ತಾನ ಏರತೈತಿ, ಕೂಸಿಗೆ ಗೊತ್ತ ಆಗಂಗಿಲ್ಲ."

"ಬಾಣಂತೀನ್ನ ಸಾಮಾನಿನಂಗ ಎತ್ತಿಡಾಕ ನಾ ಒಲ್ಲೆ. ಇವತ್ತ ಐದನೇ ದಿನ. ಹಣೆಬರಹ ಬರಿಯಾಕ ಶೆಟಿಗೆವ್ವ ಬರ್ತಾಳ. ಆಕಿ ಬಂದಾಗ ಇಲ್ಲಿ ಗಿರ್ಮಿಟ್ ತಿನ್ನಾವ್ರು ಕುಂತಿದ್ರ ಯಾರ ಹಣಿ ಮ್ಯಾಲ ಬರೀಬೇಕ್ರಿ ಆಕಿ?"

ಗುಂಪಿನಲ್ಲಿ ನಗೆಯೆದ್ದಿತು. ಶ್ವೇತಾ ಶೆಟಿಗೆವ್ವನನ್ನು ಎಷ್ಟು ನಂಬಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮಗಳ ನಿದ್ದೆಯನ್ನಂತೂ ನಂಬಿದ್ದಳು.

ವಿರಾಜ ಗೋಡೆಯ ಪರದೆಯನ್ನು ತೆರೆದ. "ಕಾರಣ ಕೊಟ್ರ ನಿಮ್ಮ ಗ್ವಾಡಿ ಒಂದ ನಿಂದರತೈತಿ, ಉಳಿದವು ನಡೀತಾವ. ರಿಪೇರಿ, ಬೆಂಕಿ, ಸಾವು. ಇಷ್ಟ ಅದಾವ್ರಿ."

"ಹುಟ್ಟು?"

ವಿರಾಜನ ಮುಖ ಸಣ್ಣದಾಯಿತು. "ಹೆರಿಗಿ ಆಸ್ಪತ್ರ್ಯಾಗ ಆಗತೈತಲ್ರಿ, ಅದಕ್ಕ..."

"ಹೆರೂದು ಆಸ್ಪತ್ರ್ಯಾಗ. ಬಾಣಂತನ ಯಾರ ಮನ್ಯಾಗ್ರಿ?"

ಲೋಹಕ್ಕೆ ನೆನಪು ಕಲಿಸಿದವನು ಬಾಗಿಲ ಗುಂಪಿನತ್ತ ನೋಡಿ ಹತ್ತಿರ ಸರಿದ. ಅವನು ದನಿ ತಗ್ಗಿಸಿದ. "ಹಿಂಗ ಮಾಡೂಣು. ಸಾವು ಅಂತ ಒತ್ತಿಬಿಡ್ತೀನಿ. ಮೂರ ದಿನ ಯಾರೂ ತಂಟೇಕ ಬರಂಗಿಲ್ಲ. ಬರೇ ಹೆಸರಿಗಷ್ಟರೀ."

ಶ್ವೇತಾಳ ಮೈ ಉರಿದುಹೋಯಿತು. "ಏನಂದ್ರಿ? ನನ್ನ ಮೊಮ್ಮಗಳ ಹಣಿ ಮ್ಯಾಲ ಮೊದಲನೇ ಅಕ್ಷರ ನೀವ ಬರಿಯಾವ್ರೇನು? ಅದೂ ಇಂಥಾದ್ದು? ನಲವತ್ತಲ್ಲ, ನಾನೂರು ಗ್ವಾಡಿ ನಿಂತರೂ ನಿಂದರ್ಲಿ. ನಾ ಏಳಂಗಿಲ್ಲ."

ವಿರಾಜ ಪರದೆಯ ಮೇಲಿಂದ ಬೆರಳು ತೆಗೆದ. ಆಮೇಲೆ ಅವನು ಓಣಿಯ ತುದಿಗೆ ನಡೆದುಹೋಗಿ ಇಡೀ ಪೇಟೆಯ ಗೋಡೆಗಳ ವಿದ್ಯುತ್ತನ್ನು ಕೈಯಾರೆ ಆರಿಸಿದ. ಅರ್ಧ ಎದ್ದ ಬೆಂಚುಗಳನ್ನು ಕಿತ್ತು ಜನ ಬೀದಿಗೇ ಹಾಕಿಕೊಂಡರು. ಬಾಣಂತಿ ಮಲಗ್ಯಾಳ ಎಂದು ಒಬ್ಬರಿಗೊಬ್ಬರು ಗದರಿಕೊಳ್ಳುತ್ತ ಪಿಸುದನಿಯಲ್ಲಿ ಗಿರ್ಮಿಟ್ ತಿಂದರು.

ಮರುವಾರ ಕಾರಣಗಳ ಪಟ್ಟಿಯನ್ನೇ ಕಿತ್ತುಹಾಕಿ ಮನೆಗೊಂದು ಹಿಡಿಕೆ ಕೂರಿಸಿದರು. ಎಳೆದರೆ ಆ ಮನೆಯ ಗೋಡೆ ಮಾತ್ರ ನಿಲ್ಲುತ್ತದೆ, ಯಾಕೆಂದು ಕೇಳುವುದಿಲ್ಲ. ಪೇಟೆ ಮತ್ತೆ ಸತ್ತಿತೆಂದು ವ್ಯಾಪಾರಿ ಮಂಡಳಿಯವರು ಬಾಯಿ ಬಡಿದುಕೊಂಡರು. ಪೇಟೆ ಸಾಯಲಿಲ್ಲ. ದಿನಕ್ಕೆ ಐದಾರು ಗೋಡೆಗಳು ನಿಂತವು: ಒಂದು ಜ್ವರಕ್ಕೆ, ಒಂದು ಜಗಳಕ್ಕೆ, ಒಂದು ಸುಮ್ಮನೆ ತಮ್ಮ ಮನೆಯಲ್ಲಿ ಕೂರಬೇಕೆನ್ನಿಸಿದ್ದಕ್ಕೆ.

ನಮ್ಮ ಕಾಲದ ಗೋಡೆಗಳಿನ್ನೂ ನಡೆಯಲು ಕಲಿತಿಲ್ಲ. ಆದರೆ ಕಾರಣ ಕೇಳುವ ಪಟ್ಟಿಗಳು ಆಗಲೇ ಬಂದಾಗಿವೆ. ನಮ್ಮ ಕಾರಣ ಅವುಗಳಲ್ಲಿ ಕಾಣದಿದ್ದಾಗ, ಒಲ್ಲೆ ಎನ್ನುವ ಧೈರ್ಯವಿಲ್ಲದೆ, ಬದುಕಿರುವ ಅಜ್ಜಿಯನ್ನು ನಾವು ಎಷ್ಟು ಸಲ ಸಾಯಿಸಿ ರಜೆ ಪಡೆದಿದ್ದೇವೆ!