ಮಲ್ಲನ ಹೆಂಡತಿ ನುಡಿದ ಸಾಕ್ಷಿ

ಇನ್ನೂ ಹತ್ತಿರ ಸರಿದು ಕೂತುಕೊಳ್ಳಿ. ಈ ಮಾತು ಹೊಸ್ತಿಲು ದಾಟಬಾರದು. ದಾಟಿತೋ, ದಾಟಿಸಿದವರ ನಾಲಗೆಗೆ ಹುಳ ಬೀಳಲಿ.

ಹೊಂಗಿರಿಪಟ್ಟಣದಲ್ಲಿ ಅಂದು ಮಹಾನವಮಿ. ಬಾಗಿಲು ಬಾಗಿಲಿಗೆ ಮಾವಿನ ತೋರಣ, ಆನೆಗಳ ಹಣೆಗೆ ಸಿಂಧೂರ, ರಾಜಬೀದಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅರಮನೆಯ ಮುಂದಣ ಕೆಮ್ಮಣ್ಣಿನ ಅಖಾಡದಲ್ಲಿ ನೆರೆಯರಸನ ಮಲ್ಲನೊಡನೆ ಪಟ್ಟಣದ ಜಟ್ಟಿ ಬೀಚಮಲ್ಲ ಸೆಣಸಬೇಕಿತ್ತು. ಸೋತ ಮಲ್ಲನ ಅರಸ ಗಡಿಯ ಕೋಟೆಯನ್ನು ಬಿಟ್ಟುಕೊಡಬೇಕೆಂಬುದು ಪಣ. ಬೀಚಮಲ್ಲನನ್ನು ಕೆಡಹುವ ಗಂಡು ಇನ್ನೂ ಹುಟ್ಟಿಲ್ಲವೆಂದು ಬಲ್ಲ ಮಂತ್ರಿ ದಾಸರಸ, ಒಳಗೊಳಗೇ ನೆರೆಯರಸನ ಉಪ್ಪು ತಿಂದವನು, ಬೇರೊಂದು ಪಟ್ಟು ಹುಡುಕಿದ್ದ.

ಕಾಳಗಕ್ಕೆ ಮುನ್ನ ಮಲ್ಲರಿಗೆ ನಲವತ್ತೆಂಟು ದಿನ ಬ್ರಹ್ಮಚರ್ಯವ್ರತ. ವ್ರತ ಕೆಡಿಸಿಕೊಂಡವನ ಹೆಬ್ಬೆರಳು ಕಡಿದು ಗರಡಿಯಿಂದ ಅಟ್ಟುವುದು ಕಟ್ಟಳೆ. ಅದಕ್ಕೆ ಸಾಕ್ಷಿ ಯಾರು? ಹೆಂಡತಿ! ಅಖಾಡದ ಮಣ್ಣು ಮುಟ್ಟಿ, ತುಂಬಿದ ಸಭೆಯಲ್ಲಿ.

ಬೀಚಮಲ್ಲನ ಹೆಂಡತಿ ಚಾಗಲೆ ಬಂದು ನಿಂತಳು. ಮದುವೆಯಾಗಿ ಐದೇ ತಿಂಗಳು; ಹೊಟ್ಟೆಯಲ್ಲಿ ಕೆಂಡ. ನಲವತ್ತೆಂಟು ದಿನ ಗಂಡ ಜಗಲಿಯಲ್ಲಿ, ಇವಳು ಕೋಣೆಯಲ್ಲಿ. ನಡುವಿನ ಬಾಗಿಲಿಗೆ ಅಗುಳಿ ಹಾಕಿಕೊಂಡವನು ಅವನೇ, ಪುಣ್ಯಾತ್ಮ! 'ವ್ರತ ಕೆಟ್ಟಿತು ಅಂದರೆ ಚಿನ್ನದ ಡಾಬು' ಎಂದು ಮಂತ್ರಿಯ ದೂತಿ ಹಿಂದಿನ ದಿನ ಬಂದು ಕಿವಿಯೂದಿದಾಗ, ಇವಳು ಪೊರಕೆ ಹಿಡಿದಿದ್ದಳು.

"ಪ್ರಭುಗಳು ಲಾಲಿಸಬೇಕು," ಎಂದ ದಾಸರಸ, ಹೂವಾಡಗಿತ್ತಿಯನ್ನು ಮುಂದೆ ತಳ್ಳಿ. "ವ್ರತದ ಮನೆಗೆ ದಿನವೂ ಎರಡು ಮೊಳ ಮಲ್ಲಿಗೆ ಹೋಗಿದೆ. ಯಾರ ಸುಖಕ್ಕೆ?"

ಸಭೆ ಗುಜುಗುಜು ಎಂದಿತು. ಬೀಚಮಲ್ಲನ ಮುಖ ಬಿಳುಚಿತು. ಚಾಗಲೆ ಒಮ್ಮೆ ಅವನ ಹೆಬ್ಬೆರಳನ್ನು ನೋಡಿದಳು, ಒಮ್ಮೆ ಸಾವಿರ ಗಂಡಸರ ಸಭೆಯನ್ನು. ಮಾನ ಉಳಿಸಿಕೊಂಡರೆ ಗಂಡನ ಬೆರಳು ಉಳಿಯದು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣು ಮುಟ್ಟಿದಳು.

"ಹೂವು ಕೊಂಡದ್ದು ನಿಜ, ಮಹಾಪ್ರಭು. ಮುಡಿದದ್ದೂ ನಿಜ. ಬೆಳಿಗ್ಗೆ ನೋಡಿದರೆ ಒಂದು ಎಸಳೂ ನಲುಗಿರುತ್ತಿರಲಿಲ್ಲ, ಹಸುವಿಗೆ ಹಾಕುತ್ತಿದ್ದೆ. ವ್ರತ ಕೆಟ್ಟಿತಂತೆ! ವ್ರತವಿಲ್ಲದಾಗ ತಾನೇ ಇವರು ಏನು ಕಡಿದು ಕಟ್ಟೆ ಹಾಕಿದ್ದರು? ಕೋಣೆಗೆ ಬಂದವರು ಮೊದಲು ಆಂಜನೇಯನಿಗೆ ಕೈ ಮುಗಿಯುತ್ತಾರೆ, ಆಮೇಲೆ ತೊಡೆ ತಟ್ಟುತ್ತಾರೆ. ನಾನು ಕೈ ಕೊಡುವ ತನಕ ಮುಟ್ಟುವುದಿಲ್ಲ. ಗರಡಿಯ ನೀತಿಯಂತೆ, ಇರಲಿ, ಒಳ್ಳೆಯದೇ. ಆದರೆ ನನ್ನ ಬೆನ್ನು ಹಾಸಿಗೆಗೆ ತಾಗಿತೋ ಇಲ್ಲವೋ, ಕುಸ್ತಿ ಮುಗಿಯಿತು ಅಂತ ಎದ್ದು ಹೋಗಿ ಬಾದಾಮಿ ಹಾಲು ಕುಡಿದು ಗೊರಕೆ ಹೊಡೆಯುತ್ತಾರೆ! ಇಂಥವರು ವ್ರತ ಕೆಡಿಸುತ್ತಾರೆಯೇ, ಸ್ವಾಮಿ? ಕೆಡಿಸುವುದು ಹೇಗೆಂದು ಯಾರಾದರೂ ಹೇಳಿಕೊಟ್ಟಿದ್ದರೆ ತಾನೇ!"

ಆನೆಯ ಮಾವುತ ನಕ್ಕ ರಭಸಕ್ಕೆ ಅಂಕುಶ ಕೆಳಗೆ ಬಿತ್ತು. ರಾಜಪುರೋಹಿತರು ಉತ್ತರೀಯದಿಂದ ಬಾಯಿ ಮುಚ್ಚಿಕೊಂಡರು. ನಗದಿದ್ದವರು ಮಹಾರಾಜರೊಬ್ಬರೇ.

"ಇವಳ ಹೂವಿನ ಲೆಕ್ಕವಿಡಲು ನಿನಗೆ ಹೇಳಿದವರಾರು?" ಎಂದು ಅವರು ಕೇಳಿದ್ದೇ ತಡ, ಹೂವಾಡಗಿತ್ತಿ ಮಂತ್ರಿಯ ಕಾಲಿಗೆ ಬಿದ್ದು, "ನೀವೇ ಕಾಪಾಡಬೇಕು, ಬುದ್ಧೀ!" ಎಂದಳು. ಅಲ್ಲಿಗೆ ದಾಸರಸನ ಕೈಗೆ ಕೋಳ.

ನಾಚಿಕೆ, ಸಿಟ್ಟು ಎರಡೂ ಸೇರಿ ಬೀಚಮಲ್ಲ ನೆರೆಯರಸನ ಮಲ್ಲನನ್ನು ಮೂರೇ ಉಸಿರಿಗೆ ಚಿತ್ ಮಾಡಿದ. ಕೋಟೆ ಉಳಿಯಿತು. ಮಹಾರಾಜರು ಚಿನ್ನದ ಕಡಗ ತೊಡಿಸಿ, "ಮಲ್ಲಾ, ಕಾರ್ತಿಕದ ಕೊನೆಗೆ ಮತ್ತೊಬ್ಬ ಜಟ್ಟಿ ಬರುತ್ತಾನೆ. ಇಂದೇ ವ್ರತ ಹಿಡಿ," ಎಂದು ಅಪ್ಪಣೆ ಕೊಡಿಸಿದರು.

"ಅಪ್ಪಣೆ!" ಎಂದು ಅವನು ಅಡ್ಡಬಿದ್ದ, ಹೆಂಡತಿಯ ಕಡೆ ತಿರುಗಿಯೂ ನೋಡದೆ.

ಚಾಗಲೆ ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು. ನೆರೆಮನೆಯ ಬೊಪ್ಪವ್ವೆ ಹೊಸ್ತಿಲಲ್ಲೇ ಅಡ್ಡ ನಿಂತು, ಮುಖಕ್ಕೆ ಮುಖ ಕೊಟ್ಟು ಅಂದಳು:

"ಎಂಥ ಪೆದ್ದಿಯೇ ನೀನು! ಹೂಂ ಅಂದಿದ್ದರೆ ಹೋಗುತ್ತಿದ್ದದ್ದು ಒಂದು ಹೆಬ್ಬೆರಳು. ಮಿಕ್ಕ ಗಂಡ ಇಡಿಯಾಗಿ ನಿನಗೇ ಇರುತ್ತಿದ್ದನಲ್ಲೇ!"