ಮೂರು ಬೆರಳಿನ ಕಣ್ಣು

ಅಪರಾಧ ಚರಿತ್ರೆಯಲ್ಲೇ ಅತ್ಯಂತ ಗಂಭೀರವೆನ್ನಬಹುದಾದ ದೂರೊಂದು ಸೋಮವಾರ ಬೆಳಿಗ್ಗೆ 9.10ಕ್ಕೆ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿತು: ತೂತುಗಳು ದೊಡ್ಡದಾಗಿವೆ.

"ಕಣ್ಣು ದೊಡ್ಡದಾಗಿದೆ ಸಾರ್," ಎಂದರು ನಾಲ್ಕು ಟ್ರಾಲರ್‌ಗಳ ಮಾಲೀಕರು.

"ಯಾರದ್ದು?" ಕಾನ್‌ಸ್ಟೇಬಲ್ ಪೆನ್ನು ಎತ್ತಿದ.

"ಬಲೇದು ಕಣ್ರೀ! ಮೀನು ಬಂದು ತುಂಬೋ ಬಾಲದ ಚೀಲದಲ್ಲಿ ಒಂದು ಬೆರಳಿನ ಕಣ್ಣಿತ್ತು, ಈಗ ಮೂರು ಬೆರಳು ತೂರುತ್ತೆ. ಎರಡು ತಿಂಗಳಿಂದ ಮರಿಮೀನು ಒಂದೂ ನಿಲ್ತಿಲ್ಲ. ಕೋಳಿಗೆ ಮೀನಿನ ಹಿಟ್ಟು ಮಾಡೋ ಕಾರ್ಖಾನೆಯವರು ಬಾಯಿಗೆ ಬಂದಂಗೆ ಬೈತಿದ್ದಾರೆ."

ಎಫ್‌ಐಆರ್ ಆಯಿತು. 11.30ಕ್ಕೆ ಬಲೆ ಶೆಡ್ಡಿನಲ್ಲಿ ಪಂಚನಾಮೆ. ತೊಲೆಗಳಿಂದ ಇಳಿಬಿಟ್ಟ ಬಲೆಗಳು ಗಾಳಿಗೆ ಮೆಲ್ಲಗೆ ಉಸಿರಾಡುತ್ತಿದ್ದವು. ಅವುಗಳಲ್ಲಿ ಸೋಸಿ ಬಂದ ಬಿಸಿಲು ಇನ್ಸ್‌ಪೆಕ್ಟರರ ಖಾಕಿಯ ಮೇಲೆ ಮೀನಿನ ಹುರುಪೆಗಳಂತೆ ಹೊಳೆಯಿತು. ನೀರಿನಡಿ ನಡೆಯುತ್ತಿದ್ದೇನೆ ಎಂದು ಅವರಿಗೆ ಒಮ್ಮೆ ಅನ್ನಿಸಿತು. ಉಸಿರು ಬಿಗಿಹಿಡಿದದ್ದೂ ಉಂಟು.

ಚಾಕು ತಾಗಿದ ಗುರುತಿಲ್ಲ. ರಿಪೇರಿಯ ನೆವದಲ್ಲಿ ಯಾರೋ ಚೀಲಗಳನ್ನು ಬಿಚ್ಚಿ ಹೊಸದಾಗಿ ಹೆಣೆದಿದ್ದರು. ಅಳೆದ ನಲವತ್ತು ಕಣ್ಣುಗಳೂ ಒಂದೇ ಸಮ. ಇಲ್ಲಿ ಬೆರಳಲ್ಲೇ ಅಳೆದು ಹೆಣೆಯುತ್ತಾರೆಂದು ತಿಳಿದ ಇನ್ಸ್‌ಪೆಕ್ಟರ್, ಶೆಡ್ಡಿನ ಒಂಬತ್ತು ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ, ಉಂಗುರದ ಅಳತೆ ತೆಗೆಯುವ ಅಕ್ಕಸಾಲಿಗನ ಗಾಂಭೀರ್ಯದಿಂದ ಒಬ್ಬೊಬ್ಬರ ಮೂರು ಬೆರಳನ್ನು ಬಲೆಯ ಕಣ್ಣಿಗೆ ತೂರಿಸಿ ನೋಡಿದರು.

"ನಿಧಾನ ಸಾರ್, ನನಗೆ ಮದುವೆಯಾಗಿದೆ," ಎಂದಳು ಒಬ್ಬಳು. ಶೆಡ್ಡೆಲ್ಲ ನಕ್ಕಿತು.

ಎಂಟನೆಯವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವಳ ಬೆರಳುಗಳು ಎಳೆಯಷ್ಟೂ ಸಡಿಲವಿಲ್ಲದೆ ಕೂತವು.

"ನೀವೇನಾ ಅಮ್ಮಾ?"

"ನಾನೇ."

"ಅಲ್ಲೊಂದು ಇಲ್ಲೊಂದು ಹೆಚ್ಚುಕಮ್ಮಿ ಹೆಣೆದಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ಹಾಗೆ ಹೆಣೆಯೋಕೆ ಕೈ ಬರಬೇಕಲ್ಲಪ್ಪ."

"ಯಾಕೆ ಮಾಡಿದ್ರಿ?"

"ನಮ್ಮನೆಯವರದು ಸಣ್ಣ ದೋಣಿ. ದೊಡ್ಡ ಬಲೆ ಮರೀನೂ ಬಾಚ್ಕೊಂಡು ಹೋದ್ರೆ ದಡಕ್ಕೇನು ಬರುತ್ತೆ? ಮರಳ ಮೇಲಿರೋ ದೋಣೀಲಿ ಕೂತು ದಿನವಿಡೀ ಹುಟ್ಟು ಹಾಕ್ತಿದ್ರು. ಬುದ್ಧಿ ಕೆಟ್ಟೇ ಹೋಗುತ್ತೆ ಅನ್ಕೊಂಡೆ. ಈಗೊಂದು ತಿಂಗಳಿಂದ ನೀರಿಗಿಳೀತಿದ್ದಾರೆ. ಮೊನ್ನೆ ಊಟಕ್ಕೆ ಕೂಗಿದ್ರೂ ಬರಲಿಲ್ಲ."

ಕಾನ್‌ಸ್ಟೇಬಲ್ ನಿಯಮಗಳ ಪುಸ್ತಕದ ಪುಟ ಮಗುಚಿದ. "ಸಾರ್, ಕಾನೂನಿನ ಪ್ರಕಾರವೂ ಕಣ್ಣು ಮೂರು ಬೆರಳೇ ಇರಬೇಕಂತೆ."

"ಅದು ಮೀನುಗಾರಿಕೆ ಇಲಾಖೆಯ ಕಣ್ಣು. ಮುಚ್ಚಿರುತ್ತೆ. ನೀನು ಬರಿ."

ಬಾಗಿಲಾಚೆ, ಬೆಳಕೂ ನೀರೂ ಒಂದಾದ ಕಡೆ, ಒಂದು ಪುಟ್ಟ ದೋಣಿ ಅಲುಗದೆ ನಿಂತಿತ್ತು. ಅದರಲ್ಲಿದ್ದ ಮುದುಕ ಬಗ್ಗಿ ನೀರನ್ನೇ ನೋಡುತ್ತಿದ್ದ. ಇನ್ಸ್‌ಪೆಕ್ಟರ್ ತುಸು ಹೊತ್ತು ಅವನನ್ನು ನೋಡಿದರು.

ಮಧ್ಯಾಹ್ನ 3.40ಕ್ಕೆ ದೊಡ್ಡಮ್ಮನನ್ನು ಬಂಧಿಸಲಾಯಿತು. ಉದ್ದೇಶದ ಕಾಲಂನಲ್ಲಿ ಇನ್ಸ್‌ಪೆಕ್ಟರ್ 'ಕೌಟುಂಬಿಕ' ಎಂದು ಬರೆದರು. ಬುಧವಾರ ಜಾಮೀನು ಸಿಕ್ಕಿತು, ಕೆಲಸ ಹೋಯಿತು. ಚೀಲಗಳನ್ನು ಬೇರೆಯವರು ಮತ್ತೆ ಒಂದು ಬೆರಳಿಗೆ ಹೆಣೆದರು.