ಭಾವನ ಹೆಸರಿನ ಸ್ಪ್ಯಾಮ್

ನಂಬಿಸುವ ಚೈತನ್ಯ ನನ್ನಲ್ಲಿ ಉಳಿದಿಲ್ಲ, ಆದದ್ದನ್ನಷ್ಟೇ ಹೇಳುತ್ತೇನೆ.

ಹಳೇ ರೇಡಿಯೊ ರಿಪೇರಿ ಮಾಡುವವರ ಇಮೇಲ್ ಬಳಗವೊಂದನ್ನು ನಮ್ಮ ಭಾವ, ಅಕ್ಕನ ಗಂಡ, ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ನನ್ನ ಕೊರಳಿಗೆ ಬಿತ್ತು. ಬಂದ ಪತ್ರಗಳನ್ನು ನೋಡಿ ಎಲ್ಲರಿಗೂ ಬಿಡುವುದು, ಸ್ಪ್ಯಾಮ್ ಇದ್ದರೆ ಅಳಿಸುವುದು, ಇಷ್ಟೇ ಕೆಲಸ. ಕೆಲವೇ ದಿನಗಳಲ್ಲಿ ಭಾವನ ವಿಳಾಸದಿಂದಲೇ ಸ್ಪ್ಯಾಮ್ ಶುರುವಾಯಿತು: ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು. ಅದೂ ಬೋಳುತಲೆಯ ಭಾವನಿಂದ! ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ ಅಂದುಕೊಂಡೆ. ಆದರೆ ಅಳಿಸಿದಾಗಲೆಲ್ಲ ಕೋಣೆಯಲ್ಲಿ ಬೆಸುಗೆಯ ಹೊಗೆ ವಾಸನೆ ಬರುತ್ತಿತ್ತು, ಬೆರಳ ಕೆಳಗಿನ ಕೀಬೋರ್ಡ್ ಕೀಲಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

“ಆ ವಿಳಾಸಾನೇ ತೆಗೆದುಹಾಕ್ತೀನಿ ಅಕ್ಕಾ,” ಅಂದೆ.

“ಬೇಡ ಕಣೋ. ಜಾಹೀರಾತಾದ್ರೇನು, ಅವರ ಹೆಸರು ಬರ್ತಾ ಇದೆಯಲ್ಲ,” ಅಂದಳು. ಪರದೆಯ ಮೇಲಿನ ಆ ಹೆಸರು ನೋಡಲೆಂದೇ ಅಕ್ಕ ನಮ್ಮ ಮನೆಗೆ ಬರುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಅವಳಿಗೆ ಹೇಳದೆ ಭಾವನ ವಿಳಾಸ ತೆಗೆದುಹಾಕಿದೆ. ವಾಸನೆ ನಿಂತಿತು.

ಮಧ್ಯಾಹ್ನ ನೋಡಿದರೆ ಮತ್ತೆ ಅದೇ ಎಣ್ಣೆಯ ಜಾಹೀರಾತು ಬಂದು ಕಾದಿತ್ತು. ಕಳಿಸಿದವರ ಜಾಗದಲ್ಲಿ ಅಕ್ಕನ ಹೆಸರಿತ್ತು.

ಅಕ್ಕನಿಗೆ ಇಮೇಲ್ ವಿಳಾಸವೇ ಇಲ್ಲ. ಆಗಿನಿಂದ ಅವಳಿಗೆ ಫೋನ್ ಮಾಡುತ್ತಲೇ ಇದ್ದೇನೆ. ರಿಂಗಾಗುತ್ತಿದೆ, ಎತ್ತುತ್ತಿಲ್ಲ, ಕಿವಿಗೊತ್ತಿಕೊಂಡ ಫೋನು ತಣ್ಣಗಾಗುತ್ತಿದೆ.